ಎಣಿಕೆ ತಪ್ಪಿದ ಜಪಸರ



ಅಕ್ಟೋಬರ್ ಜಪಸರ ಮಾತೆಗೆ ಮೀಸಲಾದ ತಿಂಗಳು. ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯಲ್ಲಿ ಆ ಮೂವತ್ತೊಂದು ಸಂಜೆಗಳೂ ಒಂದೇ ಕ್ರಮದಲ್ಲಿ ಸಾಗುತ್ತಿದ್ದವು. ಏಳು ಗಂಟೆಗೆ ಮಾತೆಯ ಸ್ವರೂಪದ ಮುಂದೆ ಮೇಣದಬತ್ತಿ ಹೊತ್ತಿಕೊಳ್ಳುತ್ತಿತ್ತು. ರೈಲ್ವೆ ವರ್ಕ್‌ಶಾಪಿನಿಂದ ಬಂದ ಅಪ್ಪ ಕೈಕಾಲು ತೊಳೆದು ಚಾಪೆಯ ಮೇಲೆ ಕೂರುತ್ತಿದ್ದರು. ಅವ್ವ ಮುಂದೆ ಹೇಳುತ್ತಿದ್ದಳು, ನಾವು ಮಕ್ಕಳು ಹಿಂದೆ ಹೇಳುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೂ, ಮನೆಗೆ ಸೊಸೆ ಮೊಮ್ಮಕ್ಕಳು ಬಂದ ಮೇಲೂ ಈ ಕ್ರಮ ತಪ್ಪಲಿಲ್ಲ.

ಅವ್ವನ ಬೆರಳುಗಳಿಗೆ ಎರಡು ಕೆಲಸಗಳು ಒಲಿದಿದ್ದವು. ಒಂದು ಜಪಸರ, ಇನ್ನೊಂದು ಸೂಜಿದಾರ. ಓಣಿಯ ಎಷ್ಟೋ ಹುಡುಗಿಯರು ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದು ಅವಳು ಹೊಲಿದ ಬಿಳಿ ಫ್ರಾಕು ತೊಟ್ಟು. ಕಣ್ಣು ಮಂಜಾದ ಮೇಲೂ ಗುಂಡಿಯ ನಾಲ್ಕು ರಂಧ್ರಗಳನ್ನು ಬೆರಳ ತುದಿಯಿಂದಲೇ ಹುಡುಕಿ ಹೊಲಿಯುತ್ತಿದ್ದಳು.

ಅಂಥ ಅವ್ವ 2019ರ ಅಕ್ಟೋಬರಿನಲ್ಲಿ ಜಪಸರಕ್ಕೆ ಕೂರುವುದನ್ನು ಬಿಟ್ಟಳು.

ಆ ವರ್ಷದ ಆರಂಭದಲ್ಲಿ ಅವಳಿಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಅದರ ಬೆನ್ನಿಗೆ ತಿಂಗಳುಗಟ್ಟಲೆ ಕೀಮೋ ನಡೆದು ಆಗಸ್ಟಿನಲ್ಲಿ ಮುಗಿಯಿತು. ಗಡ್ಡೆಯ ಗುರುತು ಉಳಿದಿಲ್ಲವೆಂದು ವೈದ್ಯರು ಹೇಳಿದ ದಿನ ನಾವು ಕೃತಜ್ಞತೆಯ ಬಲಿಪೂಜೆ ಮಾಡಿಸಿ ಓಣಿಗೆಲ್ಲ ಪೇಡೆ ಹಂಚಿದೆವು. ಹೀಗಿರುವಾಗ, ದೇವರ ಉಪಕಾರ ನೆನೆಯಬೇಕಾದ ತಿಂಗಳಿನಲ್ಲೇ ಅವಳು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, "ನೀವ ಮಾಡ್ರಿ, ನಾ ಇಲ್ಲೇ ಕುಂತು ಕೇಳ್ತೀನಿ" ಎನ್ನತೊಡಗಿದಳು.

ಒಂದು ವಾರ ಸುಮ್ಮನಿದ್ದೆ. ಎಂಟನೆಯ ದಿನ ನನ್ನ ಬಾಯಿಂದ ಬಂದ ಮಾತನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಲೇಬೇಕು. "ದೇವರು ನಿನ್ನ ಉಳಿಸ್ಯಾನವ್ವಾ. ಕೆಲಸ ಆದ ಮ್ಯಾಲೆ ಅವನ್ನ ಮರೀಬ್ಯಾಡ" ಎಂದೆ. ಅವ್ವ ನನ್ನ ಮುಖವನ್ನೊಮ್ಮೆ ನೋಡಿ, "ಇಲ್ಲಪಾ" ಎಂದಳು. ಅಷ್ಟೇ. ಆ ರಾತ್ರಿ ಅವಳು ಉಣ್ಣಲಿಲ್ಲ.

ನೋಡುವ ಕಣ್ಣಿದ್ದಿದ್ದರೆ ಗುರುತುಗಳು ಬೇಕಾದಷ್ಟಿದ್ದವು. ಹೊಲಿಗೆಯಂತ್ರದ ಮೇಲೆ ಬಟ್ಟೆ ಹೊದಿಸಿ ಎರಡು ತಿಂಗಳಾಗಿತ್ತು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೆ ರೊಟ್ಟಿ ಬೇಯಿಸುವಾಗ ಕಾದ ಹಂಚು ತಗುಲಿ ಬೆರಳು ಬೊಬ್ಬೆಯೆದ್ದಿತ್ತು. ಸೊಸೆ ನೋಡಿ ಕೂಗಿಕೊಂಡಾಗಲೇ ಅವಳಿಗೆ ಅದರ ಅರಿವಾದದ್ದು. ಆದರೆ ಅದೇ ಅವ್ವ ರಾತ್ರಿ ಪಾದಗಳ ಮೇಲೆ ಹೊದಿಕೆಯನ್ನು ಸಹಿಸುತ್ತಿರಲಿಲ್ಲ. ಹತ್ತಿಯ ಬಟ್ಟೆ ತಗುಲಿದರೂ ಕಾಲು ಎಳೆದುಕೊಳ್ಳುತ್ತಿದ್ದಳು. ಸುಟ್ಟರೆ ತಿಳಿಯದು, ಸವರಿದರೆ ತಾಳಲಾಗದು. ಈ ವಿಚಿತ್ರವನ್ನು ನಾವು ವಯಸ್ಸಿನ ಖಾತೆಗೆ ಬರೆದು ಸುಮ್ಮನಾದೆವು.

ತಿಂಗಳ ಕೊನೆಯಲ್ಲಿ ರೋಗಿಗಳ ಮನೆಗೆ ಭೇಟಿ ಕೊಡುವ ಧರ್ಮಭಗಿನಿಯೊಬ್ಬರು ಬಂದರು. ಅವರು ದಾದಿಯಾಗಿ ಬಹುಕಾಲ ದುಡಿದವರು. ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಅವ್ವನಿಗೆ ಭಕ್ತಿ ಕಡಿಮೆಯಾಗಿದೆ, ನಾಲ್ಕು ಬುದ್ಧಿಮಾತು ಹೇಳಿರೆಂದು ಕೇಳಿಕೊಂಡೆ. ಅವರು ಬುದ್ಧಿಮಾತು ಹೇಳಲಿಲ್ಲ. ಅವ್ವನ ಪಕ್ಕದಲ್ಲಿ ಕುಳಿತು ಅವಳ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, "ಅವ್ವಾರ, ಬೆರಳು ಹೆಂಗದಾವ್ರಿ? ಉರಿ ಐತೇನ್ರಿ? ಜೋಮು ಹಿಡದಂಗ ಆಗತೈತೇನ್ರಿ? ಕರೆಂಟ್ ಹೊಡದಂಗ ಆಗತೈತೇನ್ರಿ?" ಎಂದು ಒಂದೊಂದಾಗಿ ಕೇಳಿದರು.

ಅವ್ವ ಅಳತೊಡಗಿದಳು. "ಬ್ಯಾಸಿಗ್ಯಾಗ ಖಾರ ಕುಟ್ಟಿದ ಕೈ ಇದ್ದಂಗ ಅದಾವ್ರಿ ಸಿಸ್ಟರ್, ಹಗಲೂ ರಾತ್ರಿ. ಮಣಿ ಹಿಡದ್ರ ಮುಳ್ಳು ಹಿಡದಂಗ ಆಗತೈತಿ. ಯಾವ ಮಣಿ ಹಿಡದೇನಿ ಅನ್ನೂದೂ ತಿಳೀವಲ್ದು. ಎಣಿಕಿ ತಪ್ಪತೈತಿ. ಎಣಿಕಿ ತಪ್ಪಿದ ಜಪ ದೇವರಿಗೆ ಹೆಂಗ ಮುಟ್ಟತೈತ್ರಿ?"

ಓದುಗರೇ, ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅವ್ವ ಕಳೆದುಕೊಂಡದ್ದು ಬೆರಳಿನ ಸ್ಪರ್ಶವನ್ನು. ನಾನು ಅದನ್ನು ವಿಶ್ವಾಸದ ನಷ್ಟವೆಂದು ತೀರ್ಪು ಕೊಟ್ಟಿದ್ದೆ.

ಈ ನೋವಿಗೆ ವೈದ್ಯರು ನರವೇದನೆ ಎನ್ನುತ್ತಾರೆ. ನಮಗೆಲ್ಲ ಪರಿಚಿತವಾದ ನೋವು ಬೇರೆ ಬಗೆಯದು. ಕೈ ಕೊಯ್ದುಕೊಂಡರೆ ಗಾಯದ ಸುದ್ದಿಯನ್ನು ನರಗಳು ಮಿದುಳಿಗೆ ಒಯ್ಯುತ್ತವೆ; ಗಾಯ ಮಾಯ್ದರೆ ಸುದ್ದಿಯೂ ನಿಲ್ಲುತ್ತದೆ. ನರವೇದನೆಯಲ್ಲಿ ಪೆಟ್ಟು ಬಿದ್ದಿರುವುದು ಸುದ್ದಿ ಒಯ್ಯುವ ನರಕ್ಕೇ. ತಂತಿ ಕೆಟ್ಟ ದೂರವಾಣಿ ಯಾರೂ ಕರೆ ಮಾಡದಿದ್ದರೂ ಗಂಟೆ ಬಾರಿಸುವಂತೆ ಆ ನರ ಇಲ್ಲದ ಉರಿಯನ್ನು, ಇಲ್ಲದ ಮುಳ್ಳನ್ನು ಮಿದುಳಿಗೆ ವರದಿ ಮಾಡುತ್ತಲೇ ಇರುತ್ತದೆ. ನಿಜವಾದ ಕರೆ ಬಂದಾಗ ಕೆಲವೊಮ್ಮೆ ಮೌನವಾಗಿರುತ್ತದೆ. ಹಂಚಿನ ಬಿಸಿ ತಿಳಿಯದ ಬೆರಳಿಗೆ ಜಪಸರದ ಮಣಿ ಮುಳ್ಳಾದದ್ದು ಹೀಗೆ.

ಅವ್ವ ಕೊಟ್ಟ ಮೆಣಸಿನಕಾಯಿಯ ಹೋಲಿಕೆ ಎಷ್ಟು ಸರಿಯಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯ ನಮಗೆ ಖಾರ ಕುಟ್ಟಿದ ಕೈಯ ಉರಿಯನ್ನು ಯಾರೂ ವಿವರಿಸಬೇಕಿಲ್ಲ. ಆ ಉರಿಯಲ್ಲಿ ಬೆಂಕಿಯಿಲ್ಲ, ಚರ್ಮ ಸುಡುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಅಂಶ, ಬಿಸಿಯನ್ನು ಗ್ರಹಿಸುವ ನರದ ಬಾಗಿಲನ್ನೇ ತೆರೆಯುತ್ತದೆ. ಆ ಬಾಗಿಲನ್ನು 1997ರಲ್ಲಿ ಗುರುತಿಸಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪಾರಿತೋಷಕವನ್ನು ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಹಂಚಿಕೊಂಡರು. ಬೆಂಕಿಯಿಲ್ಲದೆಯೂ ಉರಿ ನಿಜವಾಗಿರಬಲ್ಲದೆಂಬುದನ್ನು ಖಾರ ಕುಟ್ಟುವ ನಮ್ಮ ಹೆಂಗಸರು ಮೊದಲೇ ಬಲ್ಲರು.

ಕ್ಯಾನ್ಸರ್ ರೋಗಿಗಳಲ್ಲಿ ನರಕ್ಕೆ ಪೆಟ್ಟು ಬೀಳುವ ದಾರಿಗಳು ಹಲವು. ಬೆಳೆಯುವ ಗಡ್ಡೆಯೇ ನರವನ್ನು ಒತ್ತಬಹುದು, ಅದರೊಳಗೆ ಹೊಕ್ಕಲೂಬಹುದು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಸಣ್ಣ ನರಗಳು ಕತ್ತರಿಸಿಹೋಗಿ ತೋಳಿನ ಒಳಬದಿಯಲ್ಲಿ ಉರಿ ಉಳಿಯಬಹುದು. ವಿಕಿರಣ ಚಿಕಿತ್ಸೆಯ ಪರಿಣಾಮ ಎಷ್ಟೋ ತಿಂಗಳುಗಳ ನಂತರ ಕಾಣಿಸಿಕೊಳ್ಳಬಹುದು. ರೋಗನಿರೋಧಕ ಶಕ್ತಿ ಕುಗ್ಗಿದ ದೇಹದಲ್ಲಿ ಸರ್ಪಸುತ್ತು ಎದ್ದು, ಗುಳ್ಳೆಗಳು ಒಣಗಿದ ಮೇಲೂ ನೋವು ನಿಲ್ಲಬಹುದು. ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್ ಮುಂತಾದ ಕೀಮೋ ಔಷಧಿಗಳು ಉದ್ದನೆಯ ನರಗಳ ತುದಿಗಳನ್ನು ಬಾಧಿಸುತ್ತವೆ. ಆದುದರಿಂದಲೇ ಬಾಧೆ ಕಾಲ್ಬೆರಳು, ಕೈಬೆರಳುಗಳಲ್ಲಿ ಮೊದಲಾಗಿ ಕಾಲುಚೀಲ, ಕೈಚೀಲ ತೊಟ್ಟಷ್ಟು ಭಾಗಕ್ಕೆ ಏರುತ್ತದೆ. ಅವ್ವನಿಗೆ ಆದದ್ದು ಇದೇ.

ಇದು ಅಪರೂಪದ ಸಂಗತಿಯೂ ಅಲ್ಲ. ನೋವು ಅನುಭವಿಸುವ ಕ್ಯಾನ್ಸರ್ ರೋಗಿಗಳಲ್ಲಿ ಐವರಿಗೊಬ್ಬರದು ನರವೇದನೆ. ಬೇರೆ ನೋವಿನೊಂದಿಗೆ ಬೆರೆತದ್ದನ್ನೂ ಸೇರಿಸಿದರೆ ಐವರಲ್ಲಿ ಇಬ್ಬರು ಎಂದು 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲೆಕ್ಕ ಹಾಕಿತು. ನರಗಳಿಗೆ ತಾಗುವ ಕೀಮೋ ಪಡೆದವರಲ್ಲಿ ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ, ಆರು ತಿಂಗಳು ಕಳೆದ ಮೇಲೂ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಬಾಧೆ ಇರುತ್ತದೆಂದು 2014ರ ಇನ್ನೊಂದು ಸಮೀಕ್ಷೆ ಹೇಳಿತು.

ಹಾಗಾದರೆ ಅವ್ವ ಯಾಕೆ ಹೇಳಲಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಆಸ್ಪತ್ರೆಯಲ್ಲಿ ಪ್ರತಿ ಸಲವೂ "ನೋವೇನಾದರೂ ಇದೆಯೇ?" ಎಂದು ಕೇಳುತ್ತಿದ್ದರು, ಅವಳು ಇಲ್ಲವೆನ್ನುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ. ಅವಳ ಮಾತಿನಲ್ಲಿ ನೋವೆಂದರೆ ತಲೆನೋವು, ಹೊಟ್ಟೆನೋವು, ಗಾಯದ ನೋವು. ಬೆರಳಿನ ಈ ಜೋಮು, ಈ ಉರಿ, ಈ ಮುಳ್ಳು ಅವಳಿಗೆ ನೋವೆಂಬ ಹೆಸರಿಗೆ ಸೇರಿರಲಿಲ್ಲ. ಇನ್ನೊಂದು ಕಾರಣವನ್ನು ಅವಳೇ ಮುಂದೊಂದು ದಿನ ಹೇಳಿದಳು. ರೋಗ ಮರಳಿ ಬಂತೆಂದು ಮಕ್ಕಳು ಹೆದರಿ ಮತ್ತೆ ಸಾಲ ಮಾಡಿಯಾರೆಂಬ ಭಯವಿತ್ತಂತೆ. ಮೂರನೆಯ ಕಾರಣ ನಾನು. ಶಿಲುಬೆಯನ್ನು ಸಹಿಸಬೇಕು, ನೋವನ್ನು ದೇವರಿಗೆ ಅರ್ಪಿಸಬೇಕು ಎಂದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವಳಿಗೆ ಎಷ್ಟು ಸಲ ಬೋಧಿಸಿದ್ದೆನೋ ಲೆಕ್ಕವಿಲ್ಲ.

ಸಿಸ್ಟರ್ ಅವರ ಮಾತಿನಂತೆ ವೈದ್ಯರಲ್ಲಿಗೆ ಹೋದೆವು. ಅವರು ಡ್ಯುಲೊಕ್ಸೆಟಿನ್ ಎಂಬ ಗುಳಿಗೆ ಬರೆದರು. ಪೊಟ್ಟಣದಲ್ಲಿದ್ದ ಚೀಟಿಯಲ್ಲಿ ಅದು ಖಿನ್ನತೆಯ ಔಷಧಿಯೆಂದು ಓದಿ ನನ್ನ ತಮ್ಮ ಕೆರಳಿದ. "ಅವ್ವಗ ತಲಿ ಕೆಟ್ಟೈತೇನು?" ಎಂದ. ಈ ತಪ್ಪುಕಲ್ಪನೆ ನಿಮ್ಮ ಮನೆಯಲ್ಲೂ ಹುಟ್ಟಬಹುದು, ಆದುದರಿಂದ ಒಂದು ಮಾತು ತಿಳಿದಿರಲಿ. ನರವೇದನೆಗೆ ಸಾಮಾನ್ಯ ನೋವಿನ ಗುಳಿಗೆಗಳು ಅಷ್ಟಾಗಿ ನಾಟುವುದಿಲ್ಲ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಅಪಸ್ಮಾರಕ್ಕೆಂದು ಬಂದ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮುಂತಾದ ಔಷಧಿಗಳು ನರಗಳ ಗದ್ದಲವನ್ನು ತಗ್ಗಿಸುತ್ತವೆ. ಕೀಮೋದಿಂದಾದ ನರವೇದನೆ ಡ್ಯುಲೊಕ್ಸೆಟಿನ್‌ನಿಂದ ಕಡಿಮೆಯಾಗುತ್ತದೆಂಬುದನ್ನು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಇವು ಒಂದೇ ದಿನದಲ್ಲಿ ಫಲ ಕೊಡುವುದಿಲ್ಲ. ಎಲ್ಲರಿಗೂ ಸಮನಾಗಿ ಫಲಿಸುವುದೂ ಇಲ್ಲ; ನಿದ್ದೆ, ತಲೆಸುತ್ತು ತರಬಹುದು. ವೈದ್ಯರನ್ನು ಕೇಳದೆ ಆರಂಭಿಸುವುದಾಗಲಿ ಹಠಾತ್ತನೆ ನಿಲ್ಲಿಸುವುದಾಗಲಿ ಸಲ್ಲದು.

ಅವ್ವನಿಗೆ ಮೂರು ವಾರಗಳಲ್ಲಿ ಉರಿ ಅರ್ಧಕ್ಕಿಳಿಯಿತು. ಜೋಮು ಮಾತ್ರ ಉಳಿಯಿತು. ಆಗ ಅವಳೇ ಒಂದು ಉಪಾಯ ಮಾಡಿದಳು. ಲಂಗದ ಲಾಡಿಗೆಂದು ಇಟ್ಟಿದ್ದ ದಪ್ಪನೆಯ ಹತ್ತಿಯ ಹುರಿಯಲ್ಲಿ 59 ಗಂಟುಗಳನ್ನು ಹಾಕಿ, ಅವಕ್ಕೆ ಮೆತ್ತನೆಯ ಬಟ್ಟೆ ಸುತ್ತಿ ಹೊಲಿಸಿ ಜಪಸರ ಮಾಡಿಕೊಂಡಳು. ಗಂಟು ಹಾಕಲು ಮೊಮ್ಮಗಳ ಕೈ ಬೇಕಾಯಿತು. ಆ ವರ್ಷದ ಆಗಮನ ಕಾಲದಲ್ಲಿ ಅವ್ವ ಮತ್ತೆ ಮುಂದೆ ಹೇಳಿದಳು, ನಾವು ಹಿಂದೆ ಹೇಳಿದೆವು.

ಮೂರು ವರ್ಷ ಸುಖವಾಗಿ ಕಳೆಯಿತು. 2022ರ ಕೊನೆಯಲ್ಲಿ ಅವಳಿಗೆ ಸೊಂಟದಿಂದ ಕಾಲ್ಬೆರಳ ತನಕ ಮಿಂಚು ಹರಿದಂತಾಗತೊಡಗಿತು. ಈ ಸಲ ಅವಳು ಮುಚ್ಚಿಡಲಿಲ್ಲ, ನಾವೂ ತಡಮಾಡಲಿಲ್ಲ. ರೋಗ ಬೆನ್ನುಮೂಳೆಗೆ ಮರಳಿ, ಅಲ್ಲಿಂದ ಹೊರಡುವ ನರವನ್ನು ಒತ್ತುತ್ತಿತ್ತು. ಗಡ್ಡೆಯನ್ನು ಕುಗ್ಗಿಸಲು ವಿಕಿರಣ ಕೊಟ್ಟರು, ಊತ ಇಳಿಸುವ ಔಷಧಿ ಕೊಟ್ಟರು. ಅಷ್ಟಕ್ಕೂ ಜಗ್ಗದ ನೋವಿಗೆ ಮಾರ್ಫಿನ್ ಬೇಕೆಂದರು.

ಮಾರ್ಫಿನ್ ಎಂಬ ಹೆಸರು ಕೇಳಿ ಮನೆಯಲ್ಲಿ ಮತ್ತೆ ಗೊಂದಲವಾಯಿತು. ಅದು ಚಟ ಹಿಡಿಸುತ್ತದೆಂದರು ಒಬ್ಬರು, ಅದು ಸಾಯುವವರಿಗೆ ಕೊಡುವ ಔಷಧಿ ಎಂದರು ಇನ್ನೊಬ್ಬರು. ಹಿರಿಯರೊಬ್ಬರು ಶುಭಸಂದೇಶವನ್ನೇ ತಂದರು. ಶಿಲುಬೆಗೇರಿಸುವ ಮುನ್ನ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಟ್ಟಾಗ ಯೇಸುಸ್ವಾಮಿ ಸ್ವೀಕರಿಸಲಿಲ್ಲವೆಂದು ಮಾರ್ಕನು ಬರೆದಿದ್ದಾನಲ್ಲ, ನಾವು ಸ್ವೀಕರಿಸಬಹುದೇ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಧರ್ಮಸಭೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1957ರ ಫೆಬ್ರವರಿ 24ರಂದು ವಿಶ್ವಗುರು ಹನ್ನೆರಡನೇ ಪಯಸ್ ಅವರು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತಾ, ನೋವು ನೀಗುವ ಔಷಧಿಯನ್ನು ವಿಶ್ವಾಸಿಗಳು ನಿರಾಕರಿಸಬೇಕೆಂಬ ಸಾಮಾನ್ಯ ಕಟ್ಟಳೆ ಇಲ್ಲವೆಂದು ಸ್ಪಷ್ಟಪಡಿಸಿದರು. ಬೇರೆ ದಾರಿಯಿಲ್ಲದಾಗ, ನೋವನ್ನು ನೀಗುವುದೇ ಉದ್ದೇಶವಾಗಿರುವಾಗ, ಆಯುಸ್ಸು ಕೊಂಚ ತಗ್ಗುವ ಸಂಭವವಿದ್ದರೂ ಇಂಥ ಔಷಧಿ ಸಲ್ಲುತ್ತದೆಂದರು. 1992ರ ಧರ್ಮೋಪದೇಶ ಗ್ರಂಥವೂ ಇದನ್ನೇ ಬೋಧಿಸಿ, ನೋವು ತಗ್ಗಿಸುವ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಗೌರವಿಸಿದೆ. ದೇಶದ ಕಾನೂನೂ ಸಡಿಲವಾಗಿದೆ. 1985ರ ಮಾದಕ ವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳು ಮಾರ್ಫಿನ್ ತರಿಸಲು ಹಲವು ಪರವಾನಗಿಗಳಿಗೆ ಅಲೆಯಬೇಕಾಗಿತ್ತು. 2014ರ ತಿದ್ದುಪಡಿ ಆ ತೊಡಕನ್ನು ಕಡಿಮೆ ಮಾಡಿತು.

ಹಿರಿಯರ ಪ್ರಶ್ನೆಯ ಬಗ್ಗೆ ನಾನು ಆ ರಾತ್ರಿಯೆಲ್ಲ ಯೋಚಿಸಿದೆ. ಯೇಸುಸ್ವಾಮಿ ಆ ದ್ರಾಕ್ಷಾರಸವನ್ನು ತಮಗಾಗಿ ನಿರಾಕರಿಸಿದರು. ಆದರೆ ತಮ್ಮ ಬಳಿಗೆ ಬಂದ ಯಾವ ಕುಷ್ಠರೋಗಿಗೂ, ಯಾವ ಪಾರ್ಶ್ವವಾಯು ರೋಗಿಗೂ ಸಹಿಸಿಕೋ ಎಂದು ಹೇಳಿ ಕಳುಹಿಸಲಿಲ್ಲ. ಗೆತ್ಸೆಮನೆಯಲ್ಲಿ ತಮ್ಮ ಪಾತ್ರೆ ತೊಲಗಲೆಂದು ಅವರೇ ಪ್ರಾರ್ಥಿಸಿದರು. ಸಂತ ಪೌಲರು ತಮ್ಮ ಶರೀರದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡರು. ಸಮಾರಿಯದವನು ಗಾಯಾಳುವಿಗೆ ಉಪದೇಶ ಮಾಡಲಿಲ್ಲ, ಎಣ್ಣೆ ಮತ್ತು ದ್ರಾಕ್ಷಾರಸವನ್ನು ಸುರಿದನು. ನೋವನ್ನು ದೇವರಿಗೆ ಅರ್ಪಿಸುವುದು ದೊಡ್ಡ ಪುಣ್ಯವೇ ಸರಿ. ಆದರೆ ಅರ್ಪಿಸುವ ಅಧಿಕಾರ ನೋಯುತ್ತಿರುವವರದು, ಪಕ್ಕದಲ್ಲಿ ಕುಳಿತವರದಲ್ಲ. ನಾನು ಅವ್ವನ ನೋವನ್ನು ಅವಳನ್ನು ಕೇಳದೆಯೇ ಅರ್ಪಿಸಲು ಹೊರಟಿದ್ದೆ.

ಈ ಅರಿವಿನಿಂದ ಹುಟ್ಟಿದ ಸೇವೆಗಳು ಹಲವಾರು. ದಾದಿಯಾಗಿ, ಸಮಾಜ ಸೇವಕಿಯಾಗಿ ದುಡಿದು ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬ ವಿಶ್ವಾಸಿ ಮಹಿಳೆ 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಆರೈಕೆಧಾಮವನ್ನು ತೆರೆದರು. ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಕೂಡ ಎಂದು ಕಲಿಸಿದವರು ಅವರು. ನಮ್ಮ ದೇಶದಲ್ಲಿ ಮುಂಬಯಿಯ ಶಾಂತಿ ಅವೇದನ ಆಶ್ರಮ 1986ರಲ್ಲಿ ಆರಂಭವಾಯಿತು. 1993ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಕಟ್ಟಿದ ಸಂಸ್ಥೆ ಈ ಆರೈಕೆಯನ್ನು ಮನೆಮನೆಗೆ ಒಯ್ಯುವ ದಾರಿ ತೋರಿಸಿತು. ಬೆಂಗಳೂರಿನಲ್ಲಿ ಕರುಣಾಶ್ರಯ ಇಂಥ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ.

ನಮ್ಮ ಅವಳಿ ನಗರದಲ್ಲಂತೂ ಈ ರೋಗಿಗಳು ದಿನವೂ ನಮ್ಮ ಕಣ್ಣೆದುರಿಗಿದ್ದಾರೆ. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳಗಳಿಂದ ಬಂದವರು ಕೈಯಲ್ಲಿ ಫೈಲು, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಬಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಕೂರುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ಕೊನೆಯ ಸಾಲಿನಲ್ಲೂ ಅವರಿದ್ದಾರೆ.

ಆದುದರಿಂದ ಓದುಗರೇ, ನಿಮ್ಮಲ್ಲಿ ಕೆಲವು ವಿನಂತಿಗಳಿವೆ. ನಿಮ್ಮ ಮನೆಯ ರೋಗಿಯನ್ನು "ನೋವಿದೆಯೇ?" ಎಂದು ಮಾತ್ರ ಕೇಳಬೇಡಿ. ಉರಿಯಿದೆಯೇ, ಜೋಮು ಇದೆಯೇ, ಮುಳ್ಳು ಚುಚ್ಚಿದಂತೆ, ಕರೆಂಟ್ ಹೊಡೆದಂತೆ ಆಗುತ್ತದೆಯೇ, ಬಟ್ಟೆ ತಗುಲಿದರೆ ತಾಳಲಾಗದೇ ಎಂದು ಕೇಳಿ. ಅವರು ಹೇಳಿದ ಮಾತನ್ನು ಅವರ ಭಾಷೆಯಲ್ಲಿಯೇ ಬರೆದುಕೊಂಡು ವೈದ್ಯರಿಗೆ ತೋರಿಸಿ. ಕೀಮೋ ನಡೆಯುತ್ತಿರುವಾಗಲೇ ಹೇಳಿದರೆ ಔಷಧಿಯ ಪ್ರಮಾಣವನ್ನು ಸರಿಹೊಂದಿಸಲು ಅವರಿಗೆ ಸಾಧ್ಯವಾಗುತ್ತದೆ. ಸ್ಪರ್ಶ ಕಳೆದುಕೊಂಡ ಕಾಲುಗಳನ್ನು ದಿನವೂ ಸಂಜೆ ನೀವೇ ನೋಡಿ, ಗಾಯ ಬೊಬ್ಬೆಗಳಿದ್ದರೆ ಅವರಿಗೆ ತಿಳಿದಿರುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನು ಇನ್ನೊಬ್ಬರು ಮುಟ್ಟಿ ನೋಡಲಿ, ಶಾಖ ಕೊಡುವ ಸಾಹಸ ಬೇಡ. ಕ್ಯಾನ್ಸರ್ ಇರುವವರಿಗೆ ಹೊಸದಾಗಿ ಬೆನ್ನುನೋವು ಬಂದು ಕಾಲು ಸೋಲತೊಡಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಬೆನ್ನುಹುರಿಯ ಮೇಲಿನ ಒತ್ತಡ ಗಂಟೆಗಳಲ್ಲಿಯೇ ಕಾಲುಗಳ ಶಕ್ತಿಯನ್ನು ಕಸಿಯಬಲ್ಲದು.

ಯೋಬನ ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ಮೌನವಾಗಿ ಕುಳಿತಿದ್ದರು. ಅವರು ತಪ್ಪಿದ್ದು ಬಾಯಿ ತೆರೆದು, ಅವನ ನೋವಿಗೆ ಅವನಲ್ಲಿಯೇ ದೋಷ ಹುಡುಕತೊಡಗಿದಾಗ. ನಾನು ಆ ಏಳು ದಿನಗಳನ್ನೂ ಅವ್ವನಿಗೆ ಕೊಟ್ಟಿರಲಿಲ್ಲ.

ಮಾರ್ಫಿನ್ ಶುರುವಾದ ಮೇಲೆ ಅವ್ವ ರಾತ್ರಿ ನಿದ್ದೆ ಮಾಡಿದಳು, ಹಗಲು ಎಚ್ಚರವಾಗಿದ್ದು ಮೊಮ್ಮಕ್ಕಳೊಡನೆ ಮಾತನಾಡಿದಳು. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಪೂರ್ಣ ಅರಿವಿನಿಂದ ಸ್ವೀಕರಿಸಿ ತಾನೇ ಉತ್ತರಗಳನ್ನು ಹೇಳಿದಳು. ನೋವು ಅವಳ ಬಾಯನ್ನು ಕಟ್ಟಿದ್ದರೆ ಇದಾಗುತ್ತಿರಲಿಲ್ಲ. ಒಂದು ಸಂಜೆ ನಾನು ಅವಳ ಕಾಲ ಬಳಿ ಕುಳಿತು 2019ರ ಆ ಮಾತಿಗೆ ಕ್ಷಮೆ ಕೇಳಿದೆ. "ನನಗ ಹೇಳಾಕ ಬರಲಿಲ್ಲ, ನಿನಗ ಕೇಳಾಕ ಬರಲಿಲ್ಲ. ಮುಗೀತಲ್ಲ, ಬಿಡು" ಎಂದಳು. 2023ರ ತಪಸ್ಸು ಕಾಲದಲ್ಲಿ ಅವಳು ತೀರಿಕೊಂಡಳು.

ಆ ಗಂಟಿನ ಜಪಸರ ಈಗ ನನ್ನ ಬಳಿ ಇದೆ. ಅದರಲ್ಲಿ ಒಂದೆರಡು ಗಂಟುಗಳು ಸಡಿಲವಾಗಿವೆ, ನನ್ನ ಎಣಿಕೆಯೂ ಒಮ್ಮೊಮ್ಮೆ ತಪ್ಪುತ್ತದೆ. ತಪ್ಪಿದಾಗ ಅವ್ವನ ಪ್ರಶ್ನೆ ನೆನಪಾಗುತ್ತದೆ. ಎಣಿಕೆ ತಪ್ಪಿದ ಆ ಜಪಗಳು, ಹೊಸ್ತಿಲ ಬಳಿ ಕುಳಿತು ಉರಿಯುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೇಳಿಸಿಕೊಂಡ ಜಪಗಳು, ನಮ್ಮೆಲ್ಲರ ಜಪಗಳಿಗಿಂತ ಮೊದಲೇ ದೇವರಿಗೆ ಮುಟ್ಟಿದ್ದವೆಂದು ನಂಬಿದ್ದೇನೆ. ಇಂದು ಸಂಜೆ ನಿಮ್ಮ ಮನೆಯಲ್ಲಿ ಜಪಸರ ಆರಂಭಿಸುವ ಮುನ್ನ ಹೊಸ್ತಿಲ ಬಳಿ ಯಾರಾದರೂ ಕುಳಿತಿದ್ದಾರೆಯೇ ನೋಡಿರಿ. ಮೊದಲು ಅವರ ಕೈಗಳನ್ನು ನಿಮ್ಮ ಕೈಯಲ್ಲಿ ತೆಗೆದುಕೊಂಡು, ಹೇಗಿವೆ ಎಂದು ಕೇಳಿರಿ.